ಹುಬ್ಬಳ್ಳಿಯ ತಗಡಿನ ಥಿಯೇಟರಿನಿಂದ ಬರ್ಲಿನ್ನಿನ ಬೆಳ್ಳಿ ಕರಡಿಯವರೆಗೆ: ವ್ಹಿ. ಶಾಂತಾರಾಮ



ಕಳೆದ ತಿಂಗಳ ಕಾರ್ಯಕಾರಿ ಸಮಿತಿ ಸಭೆಯಲ್ಲಿ ‘ದೋ ಆಂಖೇ ಬಾರಹ ಹಾಥ್’ ಚಿತ್ರವನ್ನು ನಮ್ಮ ಸಭಾಭವನದಲ್ಲಿ ತೋರಿಸುವ ವಿಷಯ ಬಂದಾಗ ಸ್ವಲ್ಪ ಗದ್ದಲವೇ ಆಯಿತು. ಸಂಘದ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, ಕೊಲ್ಹಾಪುರದ ಮರಾಠಿ ಮನುಷ್ಯ ತೆಗೆದ ಹಿಂದಿ ಸಿನಿಮಾಕ್ಕೂ ಕನ್ನಡ ಸಂಘಕ್ಕೂ ಏನು ಸಂಬಂಧ ಎಂದು ಕೇಳಿದರು. ನಮ್ಮ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವಾಗ ಇರುವ ನಾಲ್ಕು ಕಾಸನ್ನು ಕನ್ನಡಕ್ಕೇ ಖರ್ಚು ಮಾಡಬಾರದೇ ಎಂಬುದು ಅವರ ಸಂಕಟ. ಅವರ ಮಾತು ತಪ್ಪೆಂದು ನಾವು ಹೇಳಲಾರೆವು. ಠರಾವು ಪಾಸಾಯಿತು, ಇಬ್ಬರು ವಿರೋಧಿಸಿದರು, ಅದನ್ನೂ ನಡಾವಳಿಯ ಪುಸ್ತಕದಲ್ಲಿ ಬರೆದಿದ್ದೇವೆ. ಆದರೆ ಪ್ರಶ್ನೆ ಮಾತ್ರ ಉಳಿಯಿತು. ಸಭೆಯಲ್ಲಿ ಎರಡು ನಿಮಿಷದಲ್ಲಿ ಕೊಡಲಾಗದ ಉತ್ತರವನ್ನು ಈ ಪುಟದಲ್ಲಿ ಕೊಡಲು ಯತ್ನಿಸಿದ್ದೇವೆ. ಓದಿ ನೀವೇ ತೀರ್ಮಾನಿಸಿರಿ.

ಶಾಂತಾರಾಮ ರಾಜಾರಾಮ ವಣಕುದ್ರೆ ಹುಟ್ಟಿದ್ದು 1901ರ ನವೆಂಬರ್ 18ರಂದು, ಕೊಲ್ಹಾಪುರದಲ್ಲಿ. ಹೆಸರಿನ ಮುಂದಿರುವ ‘ವ್ಹಿ’ ಎಂಬುದು ವಣಕುದ್ರೆ ಎಂಬ ಮನೆತನದ ಹೆಸರಿನ ಮೊದಲ ಅಕ್ಷರ. ತಂದೆಯ ಕಡೆಯಿಂದ ಜೈನ ಮನೆತನ. ಶಾಲೆಯ ಓದು ಹೆಚ್ಚು ನಡೆಯಲಿಲ್ಲ. ಹುಡುಗನಿದ್ದಾಗಲೇ ಗಂಧರ್ವ ನಾಟಕ ಮಂಡಳಿಗೆ ಸೇರಿ ಕೆಲಕಾಲ ಕಂಪನಿಯ ಸಂಗಡ ಊರೂರು ತಿರುಗಿದರು. ನಾಟಕ ಕಂಪನಿಯಲ್ಲಿ ಸಣ್ಣ ಹುಡುಗರ ಪಾಡು ಏನೆಂಬುದು ನಮ್ಮ ಕಡೆಯ ಹಿರಿಯರಿಗೆ ಹೇಳಬೇಕಾಗಿಲ್ಲ. ಅಲ್ಲಿಂದಲೂ ಹೊರಬಂದರು.

ಮುಂದೆ ಅವರ ಕುಟುಂಬ ಹೊಟ್ಟೆಪಾಡಿಗಾಗಿ ಹುಬ್ಬಳ್ಳಿಗೆ ಬಂತು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಸೊಲ್ಲಾಪುರ ಎಲ್ಲ ಒಂದೇ ಮುಂಬಯಿ ಇಲಾಖೆಯ ಜಿಲ್ಲೆಗಳು. ಕೊಲ್ಹಾಪುರದವರು ಹುಬ್ಬಳ್ಳಿಗೆ ದುಡಿಯಲು ಬರುವುದು, ಹುಬ್ಬಳ್ಳಿಯವರು ಸೊಲ್ಲಾಪುರದ ಗಿರಣಿಗೆ ಹೋಗುವುದು ಯಾರಿಗೂ ವಿಶೇಷವೆನಿಸುತ್ತಿರಲಿಲ್ಲ. ಹದಿಹರೆಯದ ಶಾಂತಾರಾಮ ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದರು. ಊರಲ್ಲಿ ತಗಡಿನ ಛಾವಣಿಯ ಒಂದು ಸಿನಿಮಾ ಥಿಯೇಟರ್ ಇತ್ತು. ಅಲ್ಲಿಯೂ ಕೆಲಸ ಹಿಡಿದರು. ಹೇಳಿದ ಚಿಲ್ಲರೆ ಕೆಲಸ ಮಾಡುವುದು, ಬಾಗಿಲು ಕಾಯುವುದು, ಬೋರ್ಡು ಬರೆಯುವುದು. ಆಗಿನದು ಮೂಕಿ ಚಿತ್ರಗಳ ಕಾಲ. ದಾದಾಸಾಹೇಬ ಫಾಳ್ಕೆಯವರ ಚಿತ್ರಗಳನ್ನು ಈ ಹುಡುಗ ನೋಡಿದ್ದು ಅಲ್ಲಿಯೇ. ದುಡ್ಡು ಕೊಟ್ಟು ಬಂದವರು ಒಂದು ಸಲ ನೋಡಿ ಮನೆಗೆ ಹೋಗುತ್ತಿದ್ದರು. ಬಾಗಿಲು ಕಾಯುವ ಹುಡುಗನಿಗೆ ಒಂದೇ ಚಿತ್ರವನ್ನು ಮತ್ತೆ ಮತ್ತೆ ನೋಡುವ ಭಾಗ್ಯ. ಮುಂದೆ ಜಗತ್ತಿನ ದೊಡ್ಡ ಚಿತ್ರೋತ್ಸವಗಳಿಗೆ ಹೋದ ಮನುಷ್ಯನ ಸಿನಿಮಾ ಶಾಲೆ ಕನ್ನಡ ಊರಿನ ಒಂದು ತಗಡಿನ ಶೆಡ್ಡು ಎಂಬುದು ನಮ್ಮ ಮೊದಲನೆಯ ಉತ್ತರ.

ಸೋದರ ಸಂಬಂಧಿ ಬಾಬುರಾವ್ ಪೆಂಢಾರಕರ ಅವರ ಮೂಲಕ ಶಾಂತಾರಾಮರಿಗೆ ಕೊಲ್ಹಾಪುರದ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿ ಪ್ರವೇಶ ಸಿಕ್ಕಿತು. ಅದರ ಒಡೆಯ ಬಾಬುರಾವ್ ಪೇಂಟರ್. ವಿದೇಶದಿಂದ ತರಿಸದೆ ಕ್ಯಾಮೆರಾವನ್ನು ತಾವೇ ಕೈಯಾರೆ ಮಾಡಿಕೊಂಡ ಕಲಾವಿದ ಅವರು. ಅವರ ಕೈಕೆಳಗೆ ಶಾಂತಾರಾಮ ಮಾಡದ ಕೆಲಸವಿಲ್ಲ. ಕಸ ಗುಡಿಸುವುದರಿಂದ ಹಿಡಿದು ಪರದೆ ಬರೆಯುವುದು, ಫಿಲ್ಮ್ ತೊಳೆಯುವುದು, ಕತ್ತರಿಸಿ ಜೋಡಿಸುವುದು ಎಲ್ಲವನ್ನೂ ಕಲಿತರು. 1921ರ ‘ಸುರೇಖಾ ಹರಣ’ದಲ್ಲಿ ಕೃಷ್ಣನಾದರು. 1925ರ ‘ಸಾವಕಾರಿ ಪಾಶ’ದಲ್ಲಿ ಸಾಲದಲ್ಲಿ ಮುಳುಗಿ ಹೊಲ ಕಳೆದುಕೊಂಡು ಪಟ್ಟಣದ ಗಿರಣಿ ಸೇರುವ ರೈತ ಯುವಕನಾದರು. ಅದು ಪುರಾಣವಲ್ಲ, ನಮ್ಮ ಬರದ ಸೀಮೆಯ ಮನೆಮನೆಯ ಕತೆ. 1927ರಲ್ಲಿ ‘ನೇತಾಜಿ ಪಾಲಕರ’ ಚಿತ್ರದೊಂದಿಗೆ ನಿರ್ದೇಶಕರಾದರು.

1929ರಲ್ಲಿ ಶಾಂತಾರಾಮ, ವಿಷ್ಣುಪಂತ ದಾಮ್ಲೆ, ಫತ್ತೇಲಾಲ, ಧಾಯಬರ ಮತ್ತು ಬಂಡವಾಳ ಹಾಕಿದ ಸೀತಾರಾಮ ಕುಲಕರ್ಣಿ ಈ ಐವರು ಕೂಡಿ ಕೊಲ್ಹಾಪುರದಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಆರಂಭಿಸಿದರು. 1932ರಲ್ಲಿ ಶಾಂತಾರಾಮ ನಿರ್ದೇಶಿಸಿದ ‘ಅಯೋಧ್ಯೇಚಾ ರಾಜಾ’ ಮೊದಲ ಮರಾಠಿ ಮಾತಿನ ಚಿತ್ರಗಳಲ್ಲಿ ಹೆಸರಾದದ್ದು. 1933ರಲ್ಲಿ ಕಂಪನಿ ಪುಣೆಗೆ ಹೋಯಿತು.

ಇಲ್ಲಿಂದ ಚಿತ್ರೋತ್ಸವಗಳ ವಿಷಯ ಬರುತ್ತದೆ. ನಮ್ಮ ಕಿರಿಯ ಸದಸ್ಯರಿಗಾಗಿ ಒಂದೆರಡು ಮಾತು. ಅಂತರರಾಷ್ಟ್ರೀಯ ಚಿತ್ರೋತ್ಸವ ಎಂದರೆ ಬೇರೆ ಬೇರೆ ದೇಶಗಳ ಚಿತ್ರಗಳನ್ನು ಒಂದೂರಿನಲ್ಲಿ ಕೆಲವು ದಿನ ತೋರಿಸಿ, ತಿಳಿದವರ ಒಂದು ಮಂಡಳಿ ನೋಡಿ ಬಹುಮಾನ ಕೊಡುವ ಏರ್ಪಾಟು. ಇದರಲ್ಲಿ ಎಲ್ಲಕ್ಕೂ ಹಳೆಯದು ಇಟಲಿಯ ವೆನಿಸ್ ನಗರದ್ದು, 1932ರಲ್ಲಿ ಆರಂಭವಾಯಿತು. ಫ್ರಾನ್ಸಿನ ಕಾನ್ ಉತ್ಸವ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ, ಬರ್ಲಿನ್ನಿನದು 1951ರಲ್ಲಿ ಶುರುವಾದವು. ಟಿಕೆಟಿನ ಗಲ್ಲೆ ಎಷ್ಟಾಯಿತೆಂದು ಅಲ್ಲಿ ಕೇಳುವುದಿಲ್ಲ. ಭಾಷೆ ತಿಳಿಯದವನ ಮನಸ್ಸಿಗೂ ಚಿತ್ರ ತಟ್ಟಿತೋ ಇಲ್ಲವೋ ಎಂಬುದೇ ಪರೀಕ್ಷೆ.

ಆ ಪರೀಕ್ಷೆಗೆ ಪ್ರಭಾತ್ ಬಹಳ ಬೇಗ ಕುಳಿತಿತು. ದುರ್ಗಾ ಖೋಟೆ ಕಡಲ್ಗಳ್ಳರ ನಾಯಕಿಯಾದ ‘ಅಮರ ಜ್ಯೋತಿ’ 1936ರಲ್ಲಿ ವೆನಿಸ್ ಉತ್ಸವಕ್ಕೆ ಹೋಯಿತು. ಮರು ವರ್ಷ ದಾಮ್ಲೆ ಮತ್ತು ಫತ್ತೇಲಾಲ ನಿರ್ದೇಶಿಸಿದ ‘ಸಂತ ತುಕಾರಾಮ’ ಅದೇ ವೆನಿಸ್ಸಿನಲ್ಲಿ ವಿಶೇಷ ಮನ್ನಣೆ ಪಡೆಯಿತು. ಪಂಢರಪುರದ ವಿಠ್ಠಲನ ಭಕ್ತನೊಬ್ಬನ ಕತೆ ಇಟಲಿಯವರಿಗೂ ತಿಳಿಯಿತು ಎಂದರೆ, ಆಷಾಢಕ್ಕೆ ಪಂಢರಪುರದ ದಾರಿ ಹಿಡಿಯುವ ನಮ್ಮ ಕಡೆಯ ಕನ್ನಡ ವಾರಕರಿಗಳಿಗೆ ಅದರ ಸಂತೋಷ ಅರ್ಥವಾಗುತ್ತದೆ. ‘ಸಂತ ತುಕಾರಾಮ’ ಶಾಂತಾರಾಮರ ನಿರ್ದೇಶನದ್ದಲ್ಲ, ಅವರ ಪಾಲುದಾರರದು. ಅವರವರ ಪಾಲಿನ ಕೀರ್ತಿ ಅವರವರಿಗೇ ಸಲ್ಲಬೇಕೆಂದು ಇದನ್ನು ಸ್ಪಷ್ಟ ಬರೆದಿದ್ದೇವೆ.

ಶಾಂತಾರಾಮರು ಅದೇ 1937ರಲ್ಲಿ ಮರಾಠಿಯಲ್ಲಿ ‘ಕುಂಕೂ’, ಹಿಂದಿಯಲ್ಲಿ ‘ದುನಿಯಾ ನ ಮಾನೆ’ ತೆಗೆದರು. ಮುದುಕ ವಿಧುರನಿಗೆ ಮೋಸದಿಂದ ಮದುವೆ ಮಾಡಿಕೊಟ್ಟ ಹುಡುಗಿ ಆ ಸಂಸಾರವನ್ನು ಒಪ್ಪಿಕೊಳ್ಳದೆ ನಿಲ್ಲುವ ಕತೆ ಅದು. ಶಾಂತಾ ಆಪ್ಟೆ ಆ ಹುಡುಗಿ. 1939ರ ‘ಮಾಣೂಸ’ದಲ್ಲಿ ಒಬ್ಬ ಪೋಲೀಸು ಮತ್ತು ಒಬ್ಬ ವೇಶ್ಯೆ. 1941ರ ‘ಶೇಜಾರಿ’ ಎಂದರೆ ನೆರೆಯವ. ಹಿಂದಿಯಲ್ಲಿ ‘ಪಡೋಸಿ’. ಒಂದೇ ಊರಿನ ಹಿಂದೂ-ಮುಸಲ್ಮಾನ ಗೆಳೆಯರಿಬ್ಬರನ್ನು ಅಣೆಕಟ್ಟು ಕಟ್ಟಲು ಬಂದ ಹಣವಂತರು ಒಡೆಯುತ್ತಾರೆ. ‘ಪಡೋಸಿ’ಯಲ್ಲಿ ಹಿಂದೂ ಮುದುಕನ ಪಾತ್ರವನ್ನು ಮಜಹರ ಖಾನ್ ಎಂಬ ಮುಸಲ್ಮಾನ ನಟನಿಗೂ, ಮಿರ್ಜಾನ ಪಾತ್ರವನ್ನು ಗಜಾನನ ಜಾಗೀರದಾರ ಎಂಬ ಹಿಂದೂ ನಟನಿಗೂ ಕೊಟ್ಟರು. ದೇಶ ಒಡೆಯುವುದಕ್ಕೆ ಇನ್ನೂ 6 ವರ್ಷ ಇತ್ತು. ನೆರೆಮನೆಯೊಡನೆ ಬಾಳುವುದೇ ನಮ್ಮ ಗಡಿಯವರ ದಿನನಿತ್ಯದ ಬದುಕು. ಈ ಚಿತ್ರ ನಮಗೆ ಬೇರೆಯವರಿಗಿಂತ ಹೆಚ್ಚು ತಟ್ಟಬೇಕು.

1942ರಲ್ಲಿ ಶಾಂತಾರಾಮ ಪ್ರಭಾತ್ ಬಿಟ್ಟರು. ಐವರ ಮನೆ ಒಡೆಯಿತು. ಮುಂಬಯಿಗೆ ಹೋಗಿ ತಂದೆ ರಾಜಾರಾಮ ಮತ್ತು ತಾಯಿ ಕಮಲಾ ಇವರ ಹೆಸರು ಕೂಡಿಸಿ ರಾಜಕಮಲ ಕಲಾಮಂದಿರ ಕಟ್ಟಿದರು. ಅಲ್ಲಿಂದ 1946ರಲ್ಲಿ ಬಂದದ್ದು ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’. ಸೊಲ್ಲಾಪುರದ ಸದಸ್ಯರು ಇಲ್ಲಿ ಎದೆ ಉಬ್ಬಿಸಬಹುದು. ಡಾ. ದ್ವಾರಕಾನಾಥ ಕೋಟ್ನಿಸರು 1910ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿ. 1938ರಲ್ಲಿ ಕಾಂಗ್ರೆಸ್ಸು ಚೀನಾಕ್ಕೆ ಕಳಿಸಿದ ಐವರು ಡಾಕ್ಟರರಲ್ಲಿ ಒಬ್ಬರು. ಜಪಾನಿನ ದಾಳಿಯಲ್ಲಿ ಗಾಯಗೊಂಡವರ ಶುಶ್ರೂಷೆ ಮಾಡುತ್ತ, ಅಲ್ಲಿಯೇ ಮದುವೆಯಾಗಿ, 1942ರ ಡಿಸೆಂಬರಿನಲ್ಲಿ 32ನೇ ವಯಸ್ಸಿಗೆ ಅಲ್ಲಿಯೇ ತೀರಿಕೊಂಡರು. ಖ್ವಾಜಾ ಅಹ್ಮದ್ ಅಬ್ಬಾಸರು ಬರೆದ ಪುಸ್ತಕವನ್ನು ಆಧರಿಸಿದ ಚಿತ್ರದಲ್ಲಿ ಕೋಟ್ನಿಸರ ಪಾತ್ರವನ್ನು ಶಾಂತಾರಾಮರೇ ಮಾಡಿದರು. ಹೊರದೇಶಗಳಿಗಾಗಿ ಇಂಗ್ಲಿಷಿನಲ್ಲಿಯೂ ಅದನ್ನು ಸಿದ್ಧಪಡಿಸಿದರು. 1951ರ ‘ಅಮರ ಭೂಪಾಳಿ’ ಮರು ವರ್ಷ ಕಾನ್ ಉತ್ಸವದ ಸ್ಪರ್ಧೆಯಲ್ಲಿತ್ತು. 1955ರಲ್ಲಿ ಬಣ್ಣದ ‘ಝನಕ್ ಝನಕ್ ಪಾಯಲ್ ಬಾಜೇ’ ದೇಶವನ್ನೆಲ್ಲ ಕುಣಿಸಿತು.

ಇಷ್ಟು ಗಳಿಕೆಯಾದ ಮೇಲೆ ಬೇರೆ ಯಾರಾದರೂ ಇನ್ನೊಂದು ಬಣ್ಣದ ನೃತ್ಯದ ಚಿತ್ರ ತೆಗೆಯುತ್ತಿದ್ದರು. ಶಾಂತಾರಾಮ ಕಪ್ಪು-ಬಿಳುಪಿಗೆ ಮರಳಿದರು. ಕೈದಿಗಳ ಕತೆ ಆರಿಸಿಕೊಂಡರು. ಆ ಕತೆ ಎಲ್ಲಿಂದ ಬಂತು ಎಂಬುದೇ ನಮ್ಮ ಎರಡನೆಯ ಉತ್ತರ.

ಜತ್ತಿನವರಿಗೆ ಆಟಪಾಡಿ ಗೊತ್ತು. ಎರಡೂ ಇಂದು ಸಾಂಗ್ಲಿ ಜಿಲ್ಲೆಯ ಪೂರ್ವದ ಬರದ ತಾಲೂಕುಗಳು. ಹಿಂದೆ ಆಟಪಾಡಿ ಔಂಧ ಎಂಬ ಸಣ್ಣ ಸಂಸ್ಥಾನಕ್ಕೆ ಸೇರಿತ್ತು. ನಮ್ಮ ವಿಜಾಪುರ ಕಡೆಯ ಗುಣದಾಳವೂ ಅದೇ ಸಂಸ್ಥಾನದ್ದು, ಆದ್ದರಿಂದ ಔಂಧದ ರಾಜರ ಪ್ರಜೆಗಳಲ್ಲಿ ಕನ್ನಡಿಗರೂ ಇದ್ದರು. ರಾಜ ಭವಾನರಾವ್ ಪಂತ ಪ್ರತಿನಿಧಿಯವರು 1939ರಲ್ಲಿ ಗಾಂಧೀಜಿಯವರ ಸಲಹೆಯಂತೆ ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಬಿಟ್ಟುಕೊಟ್ಟರು. ಅದೇ ಕಾಲಕ್ಕೆ ಆಟಪಾಡಿಯ ಹತ್ತಿರ ಸ್ವತಂತ್ರಪುರ ಎಂಬ ಬಯಲು ಬಂದೀಖಾನೆ ಆರಂಭವಾಯಿತು. ಗೋಡೆಯಿಲ್ಲ, ಬೇಡಿಯಿಲ್ಲ. ಘೋರ ಅಪರಾಧ ಮಾಡಿದವರು ಬಯಲಿನಲ್ಲಿ ಹೊಲ ಮಾಡಿಕೊಂಡು ಇರಬೇಕು. ಇದರ ಹಿಂದೆ ನಿಂತವರು ಮಾರಿಸ್ ಫ್ರಿಡ್‌ಮನ್ ಎಂಬ ಪೋಲೆಂಡ್ ದೇಶದ ಇಂಜಿನಿಯರು. ದಿವಾನ ಮಿರ್ಜಾ ಇಸ್ಮಾಯಿಲರ ಕರೆಯ ಮೇಲೆ ಮೈಸೂರು ಸರಕಾರದ ವಿದ್ಯುತ್ ಕಾರಖಾನೆ ನಡೆಸಲು ಬೆಂಗಳೂರಿಗೆ ಬಂದು, ಗಾಂಧಿ ಮಾರ್ಗ ಹಿಡಿದು ಔಂಧಕ್ಕೆ ಹೋದವರು. ಈ ಬಂದೀಖಾನೆಯನ್ನು ಬಲ್ಲವರೇ ಚಿತ್ರದ ಕತೆ ಬರೆದ ಗ. ದಿ. ಮಾಡಗೂಳಕರ. ಅವರು ಆಟಪಾಡಿ ತಾಲೂಕಿನ ಶೇಟಫಳೆಯವರು.

1957ರ ‘ದೋ ಆಂಖೇ ಬಾರಹ ಹಾಥ್’ ಎಂದರೆ ಎರಡು ಕಣ್ಣು, ಹನ್ನೆರಡು ಕೈ. ಆದಿನಾಥ ಎಂಬ ತರುಣ ಜೇಲರ್ ಕೊಲೆ ಮಾಡಿದ ಆರು ಮಂದಿ ಕೈದಿಗಳನ್ನು ಕರೆದುಕೊಂಡು ಬಂಜರು ನೆಲಕ್ಕೆ ಹೋಗುತ್ತಾನೆ. ಬೇಡಿ ತೆಗೆಯುತ್ತಾನೆ. ಅವರನ್ನು ಕಾಯುವುದು ಅವನ ಎರಡು ಕಣ್ಣುಗಳು ಮಾತ್ರ. ಹನ್ನೆರಡು ಕೈಗಳು ಕಲ್ಲು ನೆಲವನ್ನು ಹದ ಮಾಡಿ ಕಾಯಿಪಲ್ಲೆ ಬೆಳೆಯುತ್ತವೆ. ಅವರು ಪ್ರಾಮಾಣಿಕ ಬೆಲೆಗೆ ಮಾರಲು ಹೊರಟಾಗ ಸಂತೆಯ ದಲಾಲರಿಗೆ ಹೊಟ್ಟೆಯುರಿ. ಹೊಡೆತ ತಿಂದರೂ ತಿರುಗಿ ಹೊಡೆಯದೆ ಕೊಟ್ಟ ಮಾತಿಗೆ ನಿಲ್ಲುತ್ತಾರೆ. ಕೊನೆಗೆ ಬೆಳೆ ಹಾಳುಮಾಡಲು ಬಿಟ್ಟ ಗೂಳಿಯನ್ನು ತಡೆಯುತ್ತ ಆದಿನಾಥ ಸಾಯುತ್ತಾನೆ. ಆ ಆರು ಜನ ಅದರ ಮೇಲೂ ಓಡಿಹೋಗುವುದಿಲ್ಲ. ಸಂಧ್ಯಾ ಆಟಿಗೆ ಮಾರುವ ಚಂಪಾ ಆಗಿದ್ದಾರೆ, ವಸಂತ ದೇಸಾಯಿಯವರ ಸಂಗೀತವಿದೆ. ಭರತ ವ್ಯಾಸರು ಬರೆದ ಪ್ರಾರ್ಥನೆ ಇಂದಿಗೂ ಎಷ್ಟೋ ಶಾಲೆಗಳಲ್ಲಿ ಕೇಳಿಬರುತ್ತದೆ.

ಆದಿನಾಥನಾದವರು ಶಾಂತಾರಾಮರೇ. ಆಗ ಅವರಿಗೆ 55 ದಾಟಿತ್ತು. ಗೂಳಿಯೊಡನೆ ಸೆಣಸುವ ದೃಶ್ಯವನ್ನು ತಾವೇ ಮಾಡಲು ಹೋಗಿ ಕಣ್ಣಿಗೆ ಭಾರೀ ಪೆಟ್ಟು ಮಾಡಿಕೊಂಡರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಬೇಕಾಯಿತು. ದೃಷ್ಟಿ ಉಳಿಯುವುದೋ ಹೋಗುವುದೋ ಎಂಬ ಭಯ. ಕಣ್ಣನ್ನೇ ಹೆಸರಿನಲ್ಲಿಟ್ಟುಕೊಂಡ ಚಿತ್ರಕ್ಕಾಗಿ ಕಣ್ಣನ್ನೇ ಪಣಕ್ಕಿಟ್ಟ ಹಾಗಾಯಿತು. ಪುಣ್ಯಕ್ಕೆ ದೃಷ್ಟಿ ಉಳಿಯಿತು. ಆ ಕತ್ತಲೆಯ ದಿನಗಳಲ್ಲಿ ಕಣ್ಣೊಳಗೆ ಕಂಡ ಬಣ್ಣಗಳೇ 1959ರ ‘ನವರಂಗ’ ಚಿತ್ರಕ್ಕೆ ಕಾರಣವಾದವು.

ಚಿತ್ರಕ್ಕೆ ಮೊದಲು ರಾಷ್ಟ್ರಪತಿಗಳ ಸುವರ್ಣ ಪದಕ ಬಂತು. 1958ರಲ್ಲಿ 8ನೆಯ ಬರ್ಲಿನ್ ಚಿತ್ರೋತ್ಸವಕ್ಕೆ ಹೋಯಿತು. ಬರ್ಲಿನ್ ಆಗ ಯುದ್ಧದಲ್ಲಿ ಸೋತು, ಗೆದ್ದವರ ನಡುವೆ ಹಂಚಿಹೋದ ಊರು. ಉತ್ಸವ ನಡೆಯುತ್ತಿದ್ದುದು ಪಶ್ಚಿಮ ಬರ್ಲಿನ್ನಿನಲ್ಲಿ. ಊರ ನಡುವೆ ಗೋಡೆ ಎದ್ದದ್ದು 1961ರಲ್ಲಿ, ಆದರೆ ಗಡಿ ಆಗಲೇ ಇತ್ತು. ಅಲ್ಲಿಯ ಬಹುಮಾನ ಕರಡಿಯ ಆಕೃತಿಯದು, ಏಕೆಂದರೆ ಕರಡಿ ಆ ನಗರದ ಲಾಂಛನ. ಆ ವರ್ಷ ತೀರ್ಪುಗಾರರ ಅಧ್ಯಕ್ಷರು ಅಮೆರಿಕದ ದೊಡ್ಡ ನಿರ್ದೇಶಕ ಫ್ರಾಂಕ್ ಕಾಪ್ರಾ. ಬಂಗಾರದ ಕರಡಿ ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ನರ ‘ವೈಲ್ಡ್ ಸ್ಟ್ರಾಬೆರೀಸ್’ ಚಿತ್ರಕ್ಕೆ ಹೋಯಿತು. ತೀರ್ಪುಗಾರರ ವಿಶೇಷ ಬಹುಮಾನವಾದ ಬೆಳ್ಳಿ ಕರಡಿ ಶಾಂತಾರಾಮರ ಚಿತ್ರಕ್ಕೆ ಬಂತು. ಅಂತರರಾಷ್ಟ್ರೀಯ ಕ್ಯಾಥೊಲಿಕ್ ಚಲನಚಿತ್ರ ಸಂಸ್ಥೆಯ ಬಹುಮಾನವೂ ಅಲ್ಲಿಯೇ ದೊರೆಯಿತು. ಮರು ವರ್ಷ ಅಮೆರಿಕದ ಗೋಲ್ಡನ್ ಗ್ಲೋಬ್ ಸಮಾರಂಭದಲ್ಲಿ ಹೊರದೇಶದ ಚಿತ್ರಗಳಿಗೆ ಕೊಡುವ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಪ್ರಶಸ್ತಿಯೂ ಬಂತು.

ಆ ಹತ್ತು-ಹನ್ನೆರಡು ವರ್ಷ ಭಾರತದ ಚಿತ್ರಗಳಿಗೆ ಹೊರಗೆ ಒಳ್ಳೆಯ ಕಾಲ. 1946ರಲ್ಲಿ ಚೇತನ್ ಆನಂದರ ‘ನೀಚಾ ನಗರ್’ ಕಾನ್‌ನಲ್ಲಿ ಗೆದ್ದಿತ್ತು, 1956ರಲ್ಲಿ ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ಗೆ ಅಲ್ಲಿಯೇ ಮನ್ನಣೆ ದೊರೆತಿತ್ತು, 1957ರಲ್ಲಿ ಅವರ ‘ಅಪರಾಜಿತೋ’ ವೆನಿಸ್ಸಿನ ಬಂಗಾರದ ಸಿಂಹ ತಂದಿತ್ತು. ಆದರೆ ಶಾಂತಾರಾಮರ ಚಿತ್ರದಲ್ಲಿ ಹಾಡು, ಕುಣಿತ, ನಗೆ ಎಲ್ಲ ಇದ್ದವು. ನಮ್ಮ ಊರ ಥಿಯೇಟರಿನಲ್ಲಿ ಸಿಳ್ಳೆ ಹೊಡೆಯುವವರಿಗೆ ತೆಗೆದ ಚಿತ್ರವೇ ಬರ್ಲಿನ್ನಿಗೂ ಹೋಗಿ ಗೆದ್ದಿತು. ಹುಬ್ಬಳ್ಳಿಯಲ್ಲಿ ಬಾಗಿಲಲ್ಲಿ ನಿಂತು ಜನರ ಮುಖ ನೋಡಿ ಕಲಿತದ್ದು ಅವರ ಕೈಬಿಟ್ಟಿರಲಿಲ್ಲ ಎಂದು ನಮಗೆ ಅನಿಸುತ್ತದೆ.

ಗುಣ ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಅವರ ಮನೆಯ ಬದುಕು ಚಿತ್ರಗಳಷ್ಟು ನೇರವಾಗಿರಲಿಲ್ಲ. ಮೊದಲ ಪತ್ನಿ ವಿಮಲಾ ಇರುವಾಗಲೇ ನಟಿ ಜಯಶ್ರೀಯವರನ್ನು ಮದುವೆಯಾದರು. 1956ರಲ್ಲಿ ಆ ಸಂಬಂಧ ಮುರಿದು ಸಂಧ್ಯಾ ಅವರನ್ನು ಮದುವೆಯಾದರು. ‘ಕುಂಕೂ’ ತೆಗೆದವರ ಮನೆಯಲ್ಲಿ ಹೆಂಗಸರು ಏನು ಅನುಭವಿಸಿದರೋ ಎಂದು ನಮ್ಮ ಮಹಿಳಾ ಸದಸ್ಯರು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಕೊನೆಕೊನೆಯ ಚಿತ್ರಗಳಲ್ಲಿ ಬಣ್ಣ, ಆಡಂಬರ ಹೆಚ್ಚಿ ಹಳೆಯ ಹರಿತ ಕಡಿಮೆಯಾಯಿತು. ಆದರೂ 1972ರ ಮರಾಠಿ ‘ಪಿಂಜರಾ’ ಊರೂರಲ್ಲಿ ಓಡಿತು. ನಾವು ಆಗ ಶಾಲೆಯ ಹುಡುಗರು. ಮರಾಠಿ, ಕನ್ನಡ ಎನ್ನದೆ ಜನ ಬಂಡಿ ಕಟ್ಟಿಕೊಂಡು ಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

1985ರಲ್ಲಿ ಅವರಿಗೆ ದಾದಾಸಾಹೇಬ ಫಾಳ್ಕೆ ಪ್ರಶಸ್ತಿ ಬಂತು. ತಗಡಿನ ಥಿಯೇಟರಿನಲ್ಲಿ ಯಾರ ಚಿತ್ರ ನೋಡಿ ಮರುಳಾಗಿದ್ದರೋ ಅವರ ಹೆಸರಿನ ಪ್ರಶಸ್ತಿ. 1990ರ ಅಕ್ಟೋಬರ್ 30ರಂದು ಮುಂಬಯಿಯಲ್ಲಿ ತೀರಿಕೊಂಡರು. 1992ರಲ್ಲಿ ಮರಣೋತ್ತರ ಪದ್ಮವಿಭೂಷಣ ಬಂತು. ಮುಂಬಯಿಯಲ್ಲಿ ಸಾಕ್ಷ್ಯಚಿತ್ರ, ಕಿರುಚಿತ್ರಗಳಿಗಾಗಿ ನಡೆಯುವ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಜೀವಮಾನದ ಸಾಧನೆಗೆ ಕೊಡುವ ಪ್ರಶಸ್ತಿ ಈಗ ಅವರ ಹೆಸರಿನಲ್ಲಿದೆ.

ಇನ್ನು ಮೂರನೆಯ ಉತ್ತರ. ಪ್ರಭಾತ್ ಕಂಪನಿ ಮುಚ್ಚಿಹೋದ ಮೇಲೆ ಪುಣೆಯ ಅದರ ಜಾಗದಲ್ಲಿಯೇ ಸರಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಗಿರೀಶ ಕಾರ್ನಾಡರು ಅದರ ನಿರ್ದೇಶಕರಾಗಿದ್ದರು. ಗಿರೀಶ ಕಾಸರವಳ್ಳಿಯವರು ಅಲ್ಲಿ ಕಲಿತು ಬಂದು ತೆಗೆದ ‘ಘಟಶ್ರಾದ್ಧ’ 1977ರ ಸಾಲಿನ ಸ್ವರ್ಣಕಮಲ ಪಡೆಯಿತು. ಹುಬ್ಬಳ್ಳಿ ಕೊಟ್ಟದ್ದು ಪುಣೆಯ ದಾರಿಯಿಂದ ಕನ್ನಡಕ್ಕೆ ಮರಳಿ ಬಂತು.

ಶಾಂತಾರಾಮರು ಕನ್ನಡಿಗರೆಂದು ನಾವು ಹಕ್ಕು ಸಾಧಿಸಲು ಹೊರಟಿಲ್ಲ. ಅವರು ಮರಾಠಿಯವರು, ಕೊಲ್ಹಾಪುರದವರು, ಅದು ಅವರ ನೆರೆಹೊರೆಯವರ ಹೆಮ್ಮೆ. ಆದರೆ 1956ರ ನಂತರ ಎಳೆದ ಗೆರೆಯ ಈಚೆ ಆಚೆ ಇರುವ ನಾವು, ಗೆರೆಗಿಂತ ಹಳೆಯದಾದ ಕೊಡುಕೊಳ್ಳುವಿಕೆಯನ್ನು ಮರೆತರೆ ನಷ್ಟ ನಮ್ಮದೇ. ಕಾಸರಗೋಡಿನವರಿಗೆ ಮಲಯಾಳ, ಹೊಸೂರು-ತಾಳವಾಡಿಯವರಿಗೆ ತಮಿಳು, ಆದವಾನಿ-ರಾಯದುರ್ಗದವರಿಗೆ ತೆಲುಗು ಹೇಗೋ ಹಾಗೆ ನಮಗೆ ಮರಾಠಿ. ನಮ್ಮ ಭಾಷೆಗಾಗಿ ಗಟ್ಟಿಯಾಗಿ ನಿಲ್ಲೋಣ. ನೆರೆಯ ಮನೆಯ ಒಳ್ಳೆಯದನ್ನು ನೋಡಲು ಕಣ್ಣು ಮುಚ್ಚಬೇಕಾಗಿಲ್ಲ.

ಹಿರಿಯ ಸದಸ್ಯರ ಮಾತಿಗೂ ಬೆಲೆ ಕೊಟ್ಟು ಸಮಿತಿ ಎರಡು ತೀರ್ಮಾನ ಮಾಡಿದೆ. ಚಿತ್ರಪ್ರದರ್ಶನದ ಖರ್ಚನ್ನು ಸಮಿತಿಯ ಸದಸ್ಯರು ಕೈಯಿಂದ ಹಾಕುತ್ತಾರೆ. ಕನ್ನಡ ಶಾಲೆಯ ಮಕ್ಕಳ ಪುಸ್ತಕನಿಧಿಯನ್ನು ಮುಟ್ಟುವುದಿಲ್ಲ. ಇದರ ಮುಂದಿನ ತಿಂಗಳ ಪ್ರದರ್ಶನ ‘ಘಟಶ್ರಾದ್ಧ’.

ಪ್ರದರ್ಶನ: ಬರುವ ತಿಂಗಳ ಎರಡನೆಯ ರವಿವಾರ, ಸಂಜೆ 5 ಗಂಟೆಗೆ, ಸಂಘದ ಸಭಾಭವನ. ಪ್ರವೇಶ ಎಲ್ಲರಿಗೂ ಉಚಿತ. ಚಿತ್ರ ಎರಡು ಗಂಟೆಗೂ ಹೆಚ್ಚಿನದು, ನಡುವೆ ಚಹಾ, ಚುರುಮುರಿ ವ್ಯವಸ್ಥೆ ಇದೆ. ಹಿಂದಿ ತಿಳಿಯದ ಹಿರಿಯರಿಗಾಗಿ ಆರಂಭದಲ್ಲಿ ಕತೆಯನ್ನು ಕನ್ನಡದಲ್ಲಿ ಹೇಳುತ್ತೇವೆ. ವಿರೋಧ ಮತ ಹಾಕಿದ ಇಬ್ಬರಿಗೂ ಮುಂದಿನ ಸಾಲಿನಲ್ಲಿ ಕುರ್ಚಿ ಕಾದಿರಿಸಿದ್ದೇವೆ. ಅವರು ಬರುತ್ತೇವೆಂದು ಫೋನಿನಲ್ಲಿ ತಿಳಿಸಿದ್ದಾರೆ. ನೀವೂ ಮನೆಮಂದಿಯೊಡನೆ, ಸಾಧ್ಯವಾದರೆ ನೆರೆಮನೆಯ ಮರಾಠಿ ಬಂಧುಗಳನ್ನೂ ಕರೆದುಕೊಂಡು ಬನ್ನಿರಿ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ